ಮದ್ದೂರಿಗೆ ಬಾರದ ಕೊನೇ ಡಬ್ಬ

ಭಾರತೀನಗರ ಹತ್ತಿರವಾಗುತ್ತಿದ್ದಂತೆ ಬಸ್ಸಿನ ಕಿಟಕಿಯಿಂದ ಕಾಕಂಬಿಯ ವಾಸನೆ ನುಗ್ಗಿತು. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಸುತ್ತ ಹಬ್ಬುವ, ಅರ್ಧ ಬೆಲ್ಲ ಅರ್ಧ ಹುಳಿಯ ವಾಸನೆ. ಪಕ್ಕದ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಮುಚ್ಚಿಕೊಳ್ಳಬೇಕು ಅನ್ನಿಸಲಿಲ್ಲ. ಮದುವೆಯಾದ ಹೊಸತರಲ್ಲಿ ಮದ್ದೂರಿನ ನಮ್ಮ ಬಾಡಿಗೆ ಮನೆಯ ಪಕ್ಕದ ಮನೆಯವರ ಹಗ್ಗದ ಮೇಲೆ ಒಂದು ಖಾಕಿ ಅಂಗಿ ಒಣಗುತ್ತಿತ್ತು. ಎಷ್ಟು ಒಗೆದರೂ ಅದರಿಂದ ಈ ವಾಸನೆ ಹೋಗುತ್ತಿರಲಿಲ್ಲ. ಒಗೆಯುತ್ತಿದ್ದವಳನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅಂಗಿ ಅವಳ ಗಂಡನದು, ಸಕ್ಕರೆ ಕಾರ್ಖಾನೆಯಲ್ಲಿ ಅವನಿಗೆ ಕೆಲಸ.

ಮಳವಳ್ಳಿಯಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ಮದ್ದೂರಿನಲ್ಲಿ ಕೂತಿರಲಾಗದೆ ಮೊದಲು ಸಿಕ್ಕ ಬಸ್ಸು ಹತ್ತಿದ್ದೆ, ಅಷ್ಟೇ.

ಅಕ್ಕ ಮಳವಳ್ಳಿ ಕಡೆಯ ಬೇಸಾಯಗಾರರ ಮಗಳು. ಗಟ್ಟಿ ದನಿ, ಯಾರ ಮುಲಾಜೂ ಇಲ್ಲ. ಅವಳಿಗಿದ್ದ ಒಂದೇ ಹುಚ್ಚು ಪತ್ತೇದಾರಿ ಕಾದಂಬರಿ. ಮುದ್ದೆಗೆ ಎಸರಿಟ್ಟು ಓದಲು ಕೂತರೆ, ಕಥೆಯಲ್ಲಿ ಹೆಣ ಬೀಳುವ ಹೊತ್ತಿಗೆ ಇಲ್ಲಿ ಎಸರು ಉಕ್ಕಿ ಒಲೆ ಆರುತ್ತಿತ್ತು. ಅದೂ ಹೇಗೆ ಓದುತ್ತಿದ್ದಳು ಅಂತೀರಿ... ಮೊದಲು ಕೊನೇ ಪುಟ, ಆಮೇಲೆ ಮೊದಲ ಪುಟ. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಓದುವುದಕ್ಕೆ ಏನು ಉಳಿಯಿತು ಎಂದು ಜಗಳಕ್ಕೇ ಹೋಗುತ್ತಿದ್ದೆ. ಅವಳು ನಗುತ್ತಿದ್ದಳು.

"ಯಾರು ಮಾಡಿಲ್ಲ ಅಂತ ಮೊದ್ಲೇ ತಿಳ್ಕಂಬುಟ್ರೆ, ಸುಮ್ಸುಮ್ನೆ ಯಾರ್ ಮೇಲೂ ಅನುಮಾನ ಪಡಂಗಿಲ್ಲ ಕಣಮ್ಮ."

ಒಂದು ಸಲ ಮದ್ದೂರಿನ ಟಾಕೀಸಿಗೆ ಒಂದು ಹಳೇ ಸಿನಿಮಾ ಬಂತು. ಕಪ್ಪು-ಬಿಳುಪು, ತುಂಬ ಕತ್ತಲೆ, ಹೆಚ್ಚು ಭಾಗ ಬರೀ ನೆರಳು ಮತ್ತು ಸಿಗರೇಟಿನ ಹೊಗೆ. ಅಕ್ಕ ಓದಿ ಮುಗಿಸಿದ್ದ ಒಂದು ಕಾದಂಬರಿಯಿಂದಲೇ ಅದನ್ನು ತೆಗೆದಿದ್ದರು. ದೊಡ್ಡ ಬಂಗಲೆಯ ಸಾಹುಕಾರ ಮೆಟ್ಟಿಲ ಕೆಳಗೆ ಗುಂಡೇಟು ತಿಂದು ಬಿದ್ದಿರುತ್ತಾನೆ. ಹೆಂಡತಿ ಚೆಲುವೆ, ಮಾತು ಕಡಿಮೆ, ಅತ್ತರೂ ಕಣ್ಣೀರು ಕಾಣುವುದಿಲ್ಲ. ನಮ್ಮ ಬೀದಿಯ ಹೆಂಗಸರೆಲ್ಲ ಒಟ್ಟಾಗಿ ಸಂಜೆಯ ಆಟಕ್ಕೆ ಹೋದೆವು. ಅಕ್ಕನ ಅತ್ತೆಯೂ ಬಂದಿದ್ದರು. ಅವರಿಗೆ ಅವಳ ಗಂಡ ಒಬ್ಬನೇ ಮಗ.

ಪೊಲೀಸರು ಆ ಹೆಂಡತಿಯನ್ನು ಜೀಪಿಗೆ ಹತ್ತಿಸಿದರು. ಜೀಪು ಮಂಜಿನಲ್ಲಿ ಮರೆಯಾಯಿತು. ತೆರೆಯ ಮೇಲೆ 'ಶುಭಂ' ಬಿತ್ತು, ಬಾಗಿಲು ತೆರೆದರು. ಜನ ಸೆರಗು ಕೊಡವಿಕೊಂಡು ಎದ್ದರು. ಅಕ್ಕ ಮಾತ್ರ ಕೂತೇ ಇದ್ದಳು. ಇದು ಮುಗಿದಿಲ್ಲ, ಕೊಂದವನು ಅವರ ಮನೆಯ ಡಾಕ್ಟರು, ಹೆಂಡತಿಯಲ್ಲ, ಇನ್ನೂ ಇದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹೆಂಗಸರು ನಕ್ಕರು. ಮನೆ ಮುಟ್ಟುವವರೆಗೂ ಅವಳು ವಾದ ಬಿಡಲಿಲ್ಲ.

ಆಗ ಮಳವಳ್ಳಿ ಟಾಕೀಸಿಗೂ ಮದ್ದೂರು ಟಾಕೀಸಿಗೂ ಸೇರಿ ಒಂದೇ ಪ್ರಿಂಟು. ಅಲ್ಲಿ ಮ್ಯಾಟಿನಿ ಮುಗಿದ ಮೇಲೆ ರೀಲಿನ ಡಬ್ಬಗಳನ್ನು ಬಸ್ಸಿಗೆ ಹಾಕುತ್ತಿದ್ದರು, ಇಲ್ಲಿ ಸಂಜೆಯ ಆಟಕ್ಕೆ ಇಳಿಸಿಕೊಳ್ಳುತ್ತಿದ್ದರು. ಮೊದಲ ದಿನ ಕೊನೇ ಡಬ್ಬ ಅಲ್ಲೇ ಉಳಿದುಬಿಟ್ಟಿತು. ಜನ ಕುರ್ಚಿ ಮುರಿದಾರು ಎಂದು ಹೆದರಿ ಇಲ್ಲಿಯವರು ಸುಮ್ಮನೆ ಶುಭಂ ಎಂಬ ಸ್ಲೈಡು ಹಾಕಿದರು. ಯಾರೂ ಗಲಾಟೆ ಮಾಡಲಿಲ್ಲ. ಕೇಳುವವರಿಲ್ಲದ ಮೇಲೆ ಹೊರುವುದಾದರೂ ಯಾಕೆ ಎಂದು ಮಾರನೆಯ ದಿನದಿಂದ ಆ ಡಬ್ಬವನ್ನು ತರಿಸುವುದನ್ನೇ ಬಿಟ್ಟರು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ, ಮಳವಳ್ಳಿಯಲ್ಲಿ ಪೂರ್ತಿ ಸಿನಿಮಾ ನೋಡಿದ್ದ ಅಕ್ಕನ ತಮ್ಮ ಬಂದು ಹೇಳಿದಾಗ. ಹೀಗೆ ಒಂದೇ ಸಿನಿಮಾದಲ್ಲಿ ಮಳವಳ್ಳಿಯವರಿಗೆ ಡಾಕ್ಟರು ಕೊಲೆಗಾರ, ಮದ್ದೂರಿನವರಿಗೆ ಹೆಂಡತಿ.

ಅದೇ ವಾರ ಅಕ್ಕನ ಗಂಡ ತೀರಿಕೊಂಡ. ಪಾಳಿ ಮುಗಿಸಿ ಬೆಳಗ್ಗೆ ನಾಲೆ ಏರಿಯ ಮೇಲೆ ಸೈಕಲ್ಲಿನಲ್ಲಿ ಬರುತ್ತಿದ್ದವನು ನೀರಿಗೆ ಬಿದ್ದಿದ್ದ. ಹೆಣ ತೂಬಿನ ಹತ್ತಿರ ಸಿಕ್ಕಿತು. ಏರಿಯ ಅಂಚಿನಲ್ಲಿ ಚಕ್ರ ಜಾರಿದ ಗುರುತು ಇತ್ತು, ಪೊಲೀಸರು ನೋಡಿ ಬರೆದುಕೊಂಡು ಹೋದರು. ಅವರ ಪಾಲಿಗೆ ಮುಗಿಯಿತು. ಊರಿಗೆ ಮುಗಿಯಲಿಲ್ಲ. ನಲ್ಲಿಯ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ ಪಿಸುಪಿಸು ಶುರುವಾಯಿತು. ಬರೀ ಕೊಲೆ ಪುಸ್ತಕ ಓದುವವಳು, ಗಂಡನ್ನ ಕೊಂದವಳ ಪರ ಊರೆಲ್ಲ ವಾದ ಮಾಡಿಕೊಂಡು ಬಂದವಳು, ಹೆಣದ ಮುಂದೆ ಕಣ್ಣೀರೂ ಹಾಕಲಿಲ್ಲವಂತೆ... ಅವಳು ಅತ್ತದ್ದನ್ನು ನಾನು ಕಂಡಿದ್ದೆ. ಹಿತ್ತಲಲ್ಲಿ, ಒಗೆಯುವ ಕಲ್ಲಿನ ಮೇಲೆ ಕೂತು, ಆ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು. ಅದನ್ನು ಹೇಳಿದರೆ ಜನ ಅವಳ ನಾಟಕಕ್ಕೆ ಮರುಳಾದವಳು ಎಂಬಂತೆ ನನ್ನನ್ನೇ ಕನಿಕರದಿಂದ ನೋಡುತ್ತಿದ್ದರು. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಊರಿನ ಮಾತಿಗೆ ಅವಳು ಕ್ಯಾರೇ ಅನ್ನಲಿಲ್ಲ. ಅವಳನ್ನು ಮುರಿದದ್ದು ಅತ್ತೆ. ಅದೇ ಸೂರಿನಡಿ ಇದ್ದುಕೊಂಡು, ತಿಥಿ ಕಳೆದ ಮೇಲೂ, ಆ ಮುದುಕಿ ಸೊಸೆಯ ಕೈಯ ಅನ್ನ ಮುಟ್ಟಲಿಲ್ಲ. ತಾವೇ ಮೂಲೆಯಲ್ಲಿ ಮೂರು ಇಟ್ಟಿಗೆ ಹೂಡಿ ಮುದ್ದೆ ಬೇಯಿಸಿಕೊಳ್ಳುತ್ತಿದ್ದರು. ಅಕ್ಕ ಇಟ್ಟ ತಟ್ಟೆ ಇಟ್ಟ ಕಡೆಯೇ ಆರುತ್ತಿತ್ತು. ಆ ಮುದುಕಿ ಮತ್ತೆ ತನ್ನ ಕೈಯಿಂದ ಒಂದು ತುತ್ತು ತಿನ್ನಲಿ, ಅಕ್ಕನಿಗೆ ಬೇಕಾಗಿದ್ದದ್ದು ಇಷ್ಟೇ.

ಒಂದು ಬೆಳಗ್ಗೆ ಅವಳು ನನ್ನನ್ನು ಕರೆದುಕೊಂಡು ಅತ್ತೆಯ ಮುಂದೆ ನಿಂತಳು.

"ಅತ್ತೆ, ಮಳವಳ್ಳೀಲಿ ಇನ್ನೂ ಓಡ್ತಾ ಅದೆ. ನಡೀರಿ. ಆ ಹೆಂಗ್ಸೇ ಕೊಂದಿದ್ರೆ ನಾನೂ ಕೊಂದೋಳೇ ಅಂತ ಇಟ್ಕಳಿ. ಅಲ್ದೇ ಇದ್ರೆ ಮನೇಗೆ ಬಂದು ನನ್ ಕೈಲಿ ಉಣ್ಬೇಕು."

ಗಂಡ ಸತ್ತು ತಿಂಗಳಾಗದವಳು ಸಿನಿಮಾಕ್ಕೆ ಹೋಗುವುದೆಂದರೆ! ಆದರೆ ಮುದುಕಿ ಎದ್ದೇ ಬಿಟ್ಟರು. ಅವರಿಗೂ ಒಳಗೆ ಕೂತಿರಲು ಆಗುತ್ತಿರಲಿಲ್ಲವೇನೋ. ಸೊಸೆಯ ಪಕ್ಕ ಅವರು ಕೂರುವುದಿಲ್ಲ, ಹಾಗಾಗಿ ಬಸ್ಸಿನಲ್ಲೂ ಟಾಕೀಸಿನಲ್ಲೂ ನಡುವೆ ನಾನು. ಭಾರತೀನಗರ ಬಂದಾಗ ಇದೇ ವಾಸನೆ ನುಗ್ಗಿತು. ಆ ಕಡೆ ಮುದುಕಿ ಕಣ್ಣು ಮುಚ್ಚಿದರು. ಈ ಕಡೆ ಅಕ್ಕ ನನ್ನ ಕೈ ಹಿಡಿದುಕೊಂಡಳು, ನನ್ನ ಬಳೆ ನನಗೇ ಒತ್ತುವಷ್ಟು ಬಿಗಿಯಾಗಿ.

ಸಿನಿಮಾ ಹೇಗೆ ಕಳೆಯಿತೋ ಗೊತ್ತಿಲ್ಲ. ಕೊನೇ ಪುಟ ಓದಿಕೊಂಡೇ ಬಂದಿದ್ದ ಅಕ್ಕ ಸೀಟಿನ ತುದಿಯಲ್ಲಿ ಕೂತು ಬೆವರುತ್ತಿದ್ದಳು. ಕಾದಂಬರಿಯಲ್ಲಿದ್ದದ್ದನ್ನು ಸಿನಿಮಾದವರು ಬದಲಾಯಿಸಿದ್ದರೆ? ತಮ್ಮ ಸುಳ್ಳು ಹೇಳಿದ್ದರೆ? ಜೀಪು ಮಂಜಿನಲ್ಲಿ ಮರೆಯಾಯಿತು. ಈ ಸಲ ಶುಭಂ ಬೀಳಲಿಲ್ಲ. ಡಾಕ್ಟರ ಕೈಚೀಲದಲ್ಲಿ ಪಿಸ್ತೂಲು ಸಿಕ್ಕಿತು. ಕೊನೆಗೆ ಆ ಹೆಂಡತಿ ಠಾಣೆಯ ಮೆಟ್ಟಿಲಿಳಿದು ಒಬ್ಬಳೇ ನಡೆದುಹೋದಳು. ಅವಳ ಮುಖದ ಮೇಲೆ ಮೊದಲ ಸಲ ಬೆಳಕು ಬಿದ್ದಿತ್ತು, ಕಣ್ಣೀರು ಕಂಡಿತು. ಅಕ್ಕ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ಅಲ್ಲಿಂದ ನೇರ ಬಸ್‌ಸ್ಟ್ಯಾಂಡಿಗೆ ಬಂದೆವು. ಕಟ್ಟೆಯ ಮೇಲೆ ಕೂತು ಮುದುಕಿ, ಮಗ ಸತ್ತ ಮೇಲೆ ಮೊದಲ ಬಾರಿಗೆ, ಸೊಸೆಯ ಮುಖ ನೋಡಿದರು.

"ಅವ್ಳಲ್ಲ. ಸರಿ. ನೀನೂ ಅಲ್ಲ ಅಂತಾನೇ ಇಟ್ಕೊ. ಅಂಗಾರೆ ನನ್ ಮಗನ್ನ ಕೊಂದೋರು ಯಾರು?"

"ಯಾರೂ ಇಲ್ಲ ಅತ್ತೆ. ಸೈಕಲ್ಲು ಜಾರ್ತು."

ಮುದುಕಿ ದನಿ ತೆಗೆದು ಅತ್ತರು. ಮಗ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಸೊಸೆಯ ಮೇಲೆ ತಪ್ಪು ಹೊರಿಸಿದ್ದು ದ್ವೇಷಕ್ಕಲ್ಲ ಎಂದು ನನಗೆ ಆಗ ತಿಳಿಯಿತು. ಯಾರೂ ಮಾಡದೆ ಮಗ ಹೋದ ಎನ್ನುವುದನ್ನು ಹೊರಲು ಆ ತಾಯಿಗೆ ಶಕ್ತಿ ಇರಲಿಲ್ಲ. ವಾಪಸು ಬರುವಾಗ ಅಕ್ಕ ಹುರಿದ ಕಡಲೆಕಾಯಿ ಬಿಡಿಸಿ ಬಿಡಿಸಿ ನನ್ನ ಮಡಿಲಿಗೆ ಹಾಕುತ್ತಿದ್ದಳು. ಕಾರ್ಖಾನೆ ದಾಟುವಾಗ ಮುದುಕಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೈ ಚಾಚಿ ಒಂದು ಬೀಜ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಅಕ್ಕ ನೋಡಲಿಲ್ಲ ಎಂಬಂತೆ ಇನ್ನೊಂದು ಕಾಯಿ ಒಡೆದಳು. ಆ ರಾತ್ರಿಯಿಂದ ಮೂಲೆಯ ಇಟ್ಟಿಗೆ ಒಲೆ ಉರಿಯಲಿಲ್ಲ.

ಮುದುಕಿ ಕೊನೆಯುಸಿರೆಳೆಯುವವರೆಗೂ ಅಕ್ಕನ ಕೈಯಲ್ಲೇ ಉಂಡರು. ನಮಗೆ ಬೇರೆ ಊರಿಗೆ ವರ್ಗವಾಯಿತು. ಆಮೇಲೆ ಯಾವಾಗಲಾದರೊಮ್ಮೆ ಫೋನು, ಅಷ್ಟೇ...

ಹನ್ನೊಂದು ದಿನದ ಹಿಂದೆ ಅಕ್ಕ ಹೋದಳು. ಇವತ್ತು ಮದ್ದೂರಿನಲ್ಲಿ ಅವಳ ತಿಥಿ. ಶಾಮಿಯಾನದಡಿ ನನ್ನ ಹಿಂದೆ ಕೂತಿದ್ದ ಒಬ್ಬ ಹುಡುಗಿ ಇನ್ನೊಬ್ಬಳ ಕಿವಿಯಲ್ಲಿ ಹೇಳುತ್ತಿದ್ದಳು, ಗಂಡನ್ನ ನಾಲೆಗೆ ತಳ್ಳಿದ್ದು ಇವರೇ ಅಂತೆ, ಯಾವುದೋ ಸಿನಿಮಾ ನೋಡಿ. ಆ ಸಿನಿಮಾ ಬಂದಾಗ ಈ ಹುಡುಗಿ ಹುಟ್ಟಿರಲೂ ಇಲ್ಲ. ತಿರುಗಿ ಅವಳ ಮುಖ ನೋಡಿದೆ. ಎಲೆ ಹಾಕುವುದಕ್ಕೂ ಕಾಯದೆ ಎದ್ದು ಬಂದು ಈ ಬಸ್ಸು ಹತ್ತಿದ್ದೆ.

ಮಳವಳ್ಳಿಯಲ್ಲಿ ಇಳಿದು ನೋಡಿದೆ. ಟಾಕೀಸು ಇದ್ದ ಜಾಗದಲ್ಲಿ ಅಂಗಡಿ ಮಳಿಗೆಗಳಿವೆ. ಸ್ವಲ್ಪ ಹೊತ್ತು ಎದುರು ನಿಂತು, ಅದೇ ಬಸ್ಸಿನಲ್ಲಿ ವಾಪಸು ಹೊರಟೆ. ಅಲ್ಲಿ ಕೂತು ಆ ಕೊನೇ ಡಬ್ಬ ನೋಡಿದ ನಮ್ಮ ಮೂವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಮತ್ತೆ ಆ ವಾಸನೆ ಬಂತು. ಈ ಸಲ ಪಕ್ಕದಲ್ಲಿ ಕೂತಿದ್ದವಳು ತಲೆಯಲ್ಲಿ ಹೂ ಮುಡಿದ, ಕಾಲೇಜಿಗೆ ಹೋಗುವ ವಯಸ್ಸಿನವಳು.

"ಅವಳಲ್ಲ ಕಣಮ್ಮ," ಎಂದೆ.

ಅವಳು ಕಿವಿಯಿಂದ ಇಯರ್‌ಫೋನು ತೆಗೆದು ನನ್ನ ಕಡೆ ತಿರುಗಿದಳು. "ಯಾರು ಆಂಟಿ?"

ನಾನು ಮೊದಲಿನಿಂದ ಹೇಳಲು ಶುರು ಮಾಡಿದೆ. ಹೇಳಿ ಮುಗಿಯುವ ಮೊದಲೇ ಭಾರತೀನಗರದಲ್ಲಿ ಅವಳು ಇಳಿದುಹೋದಳು.