ಗೋಡೆಯೊಳಗಿನ ಮಣ್ಣು

ವಸುಂಧರಾ ಮಾತು ಕೊಡುವುದರಲ್ಲಿ ಮಹಾ ಜಿಪುಣಿ. ಊಟಕ್ಕೆ ಬರುತ್ತೀಯಾ ಎಂದರೂ ನೋಡೋಣ ಎನ್ನುತ್ತಾಳೆ. ಆದರೆ ಹೂಂ ಅಂದಳೋ, ಮುಗಿಯಿತು. ಹಿಮ ಬಿದ್ದು ಬಸ್ಸು ನಿಂತರೆ ನಡೆದುಕೊಂಡಾದರೂ ಬರುತ್ತಾಳೆ. ಮೈಸೂರಿನ ಸರಸ್ವತಿಪುರದ ಹುಡುಗಿ, ರೈಲ್ವೆ ಸಿಗ್ನಲ್ ಕೆಲಸದ ಎಲೆಕ್ಟ್ರಿಕಲ್ ಎಂಜಿನಿಯರ್. ತೊಂಬತ್ತೆಂಟರಲ್ಲಿ ಗಂಡ ಪ್ರಶಾಂತ್ ಜೊತೆ ಲೀಡ್ಸಿಗೆ ಬಂದು ಹೆಡಿಂಗ್ಲೀಯಲ್ಲಿ ಸಂಸಾರ ಹೂಡಿದಳು. ನಾನಿರುವುದು ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ. ಹಬ್ಬಹುಣ್ಣಿಮೆಗೆ ಮಾತ್ರ ಲೀಡ್ಸಿಗೆ ಹೋಗುವವಳು. ಆದರೂ ಅವಳ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಮೈ ಉರಿಯುತ್ತದೆ.

ನಮ್ಮ ಕನ್ನಡ ಸಂಘಕ್ಕೆ ಆಗ ಒಂದು ನೆಲೆಯಿರಲಿಲ್ಲ. ಯುಗಾದಿ ಶಾಲೆಯೊಂದರ ಜಿಮ್ಮಿನಲ್ಲಿ, ರಾಜ್ಯೋತ್ಸವ ಚರ್ಚಿನ ಹಾಲಿನಲ್ಲಿ. ಒಗ್ಗರಣೆ ಹಾಕಿದರೆ ಚರ್ಚಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. 2002ರಲ್ಲಿ ವಸುಂಧರಾ ಒಂದು ಹಳೆಯ ಸಿನಗಾಗನ್ನು ಹುಡುಕಿದಳು. ಆ ಬೀದಿಯ ಯಹೂದಿಗಳು ಊರ ಉತ್ತರದ ಹೊಸ ಮನೆಗಳಿಗೆ ಹೋಗಿ, ತಮ್ಮ ಪ್ರಾರ್ಥನಾಮಂದಿರವನ್ನೂ ಅಲ್ಲೇ ಕಟ್ಟಿಕೊಂಡಿದ್ದರು. ಖಾಲಿಯಾದ ಕಟ್ಟಡದ ಕೀಲಿ ಲೂಯಿ ಶುಲ್ಮನ್ ಎಂಬ ಮುದುಕರ ಬಳಿ ಇತ್ತು. ಜೀವಮಾನವೆಲ್ಲ ಲೀಡ್ಸಿನ ಹೊಲಿಗೆ ಕಾರ್ಖಾನೆಯಲ್ಲಿ ಕೋಟಿನ ಬಟ್ಟೆ ಕತ್ತರಿಸಿದವರು. ಮೊದಲ ಭೇಟಿಯಲ್ಲೇ ವಸುಂಧರಾಳ ಕೋಟಿನ ಭುಜ ಸರಿ ಕೂತಿಲ್ಲವೆಂದು ಬೈದರಂತೆ.

ಬಾಗಿಲು ದಾಟಿದೊಡನೆ ಎಡಗಡೆಯ ಗೋಡೆಯ ಮೇಲೆ ಹೆಸರುಗಳನ್ನು ಕೊರೆದ ಹಿತ್ತಾಳೆಯ ಹಲಗೆ ಇತ್ತು. ಲಿಥುವೇನಿಯಾದ ಒಂದು ಸಣ್ಣ ಊರಿನವರ ಹೆಸರುಗಳು. ಯುದ್ಧದ ಕಾಲದಲ್ಲಿ ಆ ಊರಿನ ಯಹೂದಿಗಳನ್ನೆಲ್ಲ ಅವರ ಸಿನಗಾಗಿನೊಳಗೇ ಕೂಡಿಹಾಕಿ ಬೆಂಕಿ ಇಟ್ಟಿದ್ದರು. ಲೂಯಿ ಅದಕ್ಕೂ ಮೊದಲೇ, ಹುಡುಗನಾಗಿದ್ದಾಗ, ಅಪ್ಪನ ಜೊತೆ ಲೀಡ್ಸಿಗೆ ಬಂದಿದ್ದರು. ಅಮ್ಮ, ತಂಗಿಯರು ಹಿಂದಿನಿಂದ ಬರುವುದೆಂದು ತೀರ್ಮಾನವಾಗಿತ್ತು. ಅವರ ಹೆಸರುಗಳೂ ಹಲಗೆಯಲ್ಲಿದ್ದವು. ಪ್ರತಿ ಹೆಸರಿನ ಪಕ್ಕ ಒಂದು ಪುಟ್ಟ ಬಲ್ಬು. ಸತ್ತವರ ತಿಥಿ ಬಂದ ಸಂಜೆ ಅವರ ಹೆಸರಿನ ದೀಪ ಹಚ್ಚುವುದು ಯಹೂದಿಗಳ ಪದ್ಧತಿ. ಬೇರೆ ಹಲಗೆಗಳಲ್ಲಿ ಇವತ್ತೊಂದು ನಾಳೆಯೊಂದು ದೀಪ ಉರಿಯುತ್ತದೆ. ಇದರಲ್ಲಿ ಎಲ್ಲರಿಗೂ ಒಂದೇ ತಿಥಿ.

ಹೊಸ ಮಂದಿರದವರು ಹಲಗೆಗೂ ಜಾಗ ಕೊಡುತ್ತೇವೆ ಎಂದಿದ್ದರು. ಲೂಯಿ ಒಪ್ಪಿರಲಿಲ್ಲ. ಕಾರಣವನ್ನು ಅವರು ಹೇಳಿದ್ದು ವಸುಂಧರಾ, ಪ್ರಶಾಂತ್ ಇಬ್ಬರಿಗೇ, ಹೆಡಿಂಗ್ಲೀಯ ಮನೆಯಲ್ಲಿ ಕಾಫಿ ಕುಡಿಯುತ್ತಾ. ಯುದ್ಧ ಮುಗಿದ ಮೇಲೆ ಯಾರೋ ಪುಣ್ಯಾತ್ಮರು ಆ ಸುಟ್ಟ ಜಾಗದಿಂದ ಒಂದು ಹಿಡಿ ಮಣ್ಣು ತಂದುಕೊಟ್ಟಿದ್ದರಂತೆ. ಲೂಯಿಯ ಅಪ್ಪ ಅದನ್ನು ಗಾರೆಗೆ ಕಲಸಿ, ಗೋಡೆಗೆ ಮೆತ್ತಿ, ಅದರ ಮೇಲೆ ಹಲಗೆ ಕೂರಿಸಿದ್ದರು. ಹೆಂಡತಿ ಮಕ್ಕಳದೆಂದು ಮಣ್ಣು ಮಾಡಲು ಅವರಿಗೆ ಬೇರೇನೂ ಸಿಕ್ಕಿರಲಿಲ್ಲ. ಆ ಗೋಡೆಯನ್ನು ಮುಟ್ಟುವುದಿಲ್ಲ ಎಂದರೆ ಕೀಲಿ ಕೊಡುತ್ತೇನೆ ಎಂದರು ಲೂಯಿ. ವಸುಂಧರಾ ಹೂಂ ಅಂದಳು. ಪ್ರಶಾಂತ್ ಪಕ್ಕದಲ್ಲಿ ಕೂತು ತಲೆಯಾಡಿಸಿದ.

ಅವಳು ಹಲಗೆಯ ಹಳೆಯ ವೈರುಗಳನ್ನೆಲ್ಲ ತಾನೇ ಬದಲಿಸಿದಳು. ಲೂಯಿಗೂ ಅವಳಿಗೂ ಒಂದು ವಿಷಯ ಬಹಳ ಹಿಡಿಸಿತ್ತು: ಅವರ ತಿಂಗಳೂ ನಮ್ಮದರಂತೆ ಅಮಾವಾಸ್ಯೆ ಕಳೆದ ಮೇಲೆ ಶುರುವಾಗುತ್ತದೆ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ತಿಥಿ ಹಿಂದೆ ಮುಂದೆ ಓಡುವುದನ್ನು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂದಿನ ವರ್ಷ ಆ ತಿಥಿ ಗಣೇಶನ ಹಬ್ಬದ ಸಂಜೆಯೇ ಬರುತ್ತದೆಂದು ಇಬ್ಬರೂ ಕೂತು ಲೆಕ್ಕ ಹಾಕಿದರು. ಅಂದು ಕಾರಿನಲ್ಲಿ ಕರೆದುಕೊಂಡು ಬರುತ್ತೇನೆ ಎಂದಳು.

ಈ ಲೆಕ್ಕ ಸಂಘದವರ ಕಿವಿಗೂ ಬಿತ್ತು. ಮೊದಲೇ ಗೊಣಗಾಟ ಇತ್ತು. ಒಳಗೆ ಕಾಲಿಡುತ್ತಲೇ ಸತ್ತವರ ಹೆಸರು, ಇಲ್ಲಿ ತೊಟ್ಟಿಲು ಕಟ್ಟಿ ನಾಮಕರಣ ಮಾಡುವುದು ಹೇಗೆ ಎಂದು ಅಧ್ಯಕ್ಷ ರಂಗನಾಥರು ಕೇಳಿದ್ದರು. ಈಗಂತೂ ಒಳಗೆ ಗಣಪತಿ ಕೂತಿರುವಾಗ ಬಾಗಿಲಲ್ಲಿ ತಿಥಿಯ ದೀಪ ಎಂದರೆ ಅಮಂಗಳವೇ ಸರಿ ಎಂದರಂತೆ. ಸಾಫ್ಟ್‌ವೇರ್ ಬರೆಯುವ ಜನ, ರಾಹುಕಾಲ ನೋಡದೆ ಕಾರು ಕೊಳ್ಳುವುದಿಲ್ಲ. ವಸುಂಧರಾ ಇದ್ದಿದ್ದರೆ ಅವರ ಬೇಳೆ ಬೇಯುತ್ತಿರಲಿಲ್ಲ. ಶ್ರಾವಣದಲ್ಲಿ ಅವಳು ಅಪ್ಪನ ವರ್ಷಾಬ್ದಿಕಕ್ಕೆಂದು ಮೈಸೂರಿಗೆ ಹೋದಳು. ಸಂಘದ ಕಾರ್ಯದರ್ಶಿ ಪ್ರಶಾಂತ್ ಲೀಡ್ಸಿನಲ್ಲೇ ಇದ್ದ.

ಹಬ್ಬದ ಹಿಂದಿನ ದಿನ ವಾಪಸು ಬಂದವಳಿಗೆ ಅವನು ಏನೂ ಹೇಳಲಿಲ್ಲ. ಮೈಸೂರಿನ ಮಲ್ಲಿಗೆ ತಂದೆಯಾ ಎಂದು ಕೇಳಿದನಂತೆ.

ಮರುದಿನ ಸಂಜೆ ನಾನು ಬಾಗಿಲಲ್ಲಿ ಕಡುಬಿನ ತಟ್ಟೆ ಹಿಡಿದು ನಿಂತಿದ್ದೆ. ಲೂಯಿ ಅವಳ ತೋಳು ಹಿಡಿದು ಮೆಟ್ಟಿಲು ಹತ್ತಿ ಬಂದರು. ಇಸ್ತ್ರಿ ಮಾಡಿದ ಕಪ್ಪು ಕೋಟು, ತಲೆಗೆ ಹ್ಯಾಟು, ಕೈಯಲ್ಲಿ ಪುಟ್ಟ ಪ್ರಾರ್ಥನೆಯ ಪುಸ್ತಕ. ಎಡಕ್ಕೆ ತಿರುಗಿದರು. ಗೋಡೆ ಹೊಸ ಗಾರೆ, ಹೊಸ ಬಣ್ಣ ಬಳಿದುಕೊಂಡು ಬೆಳ್ಳಗೆ ನಿಂತಿತ್ತು. ಮೇಲೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ, ಕೆಳಗೆ ಹೊಸ ಶೂ ರ‍್ಯಾಕ್. ಅದರಲ್ಲಿ ಹಿಡಿಸದೆ ನಮ್ಮೆಲ್ಲರ ಚಪ್ಪಲಿ, ಮಕ್ಕಳ ಬೂಟುಗಳು ನೆಲದ ಮೇಲೆ ರಾಶಿ ಬಿದ್ದಿದ್ದವು.

ಲೂಯಿ ಆ ರಾಶಿಯನ್ನು ನೋಡುತ್ತಾ ಬಹಳ ಹೊತ್ತು ನಿಂತರು. ಆಮೇಲೆ ಹ್ಯಾಟು ಸರಿಮಾಡಿಕೊಂಡು, ಕೈ ಚಾಚಿ ಗೋಡೆಯನ್ನು ಮುಟ್ಟಿದರು. ಬೆರಳಿಗೆ ಬಿಳಿ ಬಣ್ಣದ ಪುಡಿ ಹತ್ತಿತು.

ಒಳಗಿನಿಂದ ಪ್ರಶಾಂತ್ ಓಡಿ ಬಂದ, ರೇಷ್ಮೆ ಶಲ್ಯ ಹೆಗಲಿನಿಂದ ಜಾರುತ್ತಿತ್ತು. "ವಸು, ಗಾಬರಿ ಆಗ್ಬೇಡ. ಕಮಿಟೀಲಿ ಮೆಜಾರಿಟಿ ಆಯ್ತು. ಬೋರ್ಡಿಗೆ ಏನೂ ಆಗಿಲ್ಲ, ನಾನೇ ಸ್ಕ್ರೂ ಬಿಚ್ಚಿ, ರಜಾಯಿ ಸುತ್ತಿ, ನಮ್ಮ ಸೆಲ್ಲರಲ್ಲಿ ಇಟ್ಟಿದೀನಿ. ಒಂದು ಗೀರೂ ಬಿದ್ದಿಲ್ಲ."

"ಹಿಂದಿನ ಗಾರೆ?"

"ಅದು ಉದುರ್ತಾ ಇತ್ತು. ಬಿಲ್ಡರ್ ಕಿತ್ತು ಕಸದ ಸ್ಕಿಪ್‌ಗೆ ಹಾಕ್ದ."

"ಅದರಲ್ಲಿ ಏನಿತ್ತು ಅಂತ ನಿನಗೆ ಗೊತ್ತಿತ್ತು, ಪ್ರಶಾಂತ್."

ಅವನು ಶಲ್ಯ ಎಳೆದುಕೊಂಡ. ಗೊತ್ತಿರಲಿಲ್ಲ ಎಂದು ಸುಳ್ಳು ಹೇಳುವಷ್ಟು ಮರ್ಯಾದೆಯೂ ಅವನಿಗೆ ಆಗ ಹೊಳೆಯಲಿಲ್ಲ. ಒಳಗೆ ಮಂಗಳಾರತಿಯ ಗಂಟೆ ಶುರುವಾಯಿತು.

ವಸುಂಧರಾ ಲೂಯಿಯ ಕಡೆ ತಿರುಗಿದಳು. ಅವರಿಗೆ ಕನ್ನಡ ಬರದಿದ್ದರೂ ಎಲ್ಲ ಅರ್ಥವಾಗಿತ್ತು. ಅವಳ ಕೋಟಿನ ಭುಜವನ್ನು ನೇರ ಮಾಡುತ್ತಾ ಮೆಲ್ಲಗೆ ಹೇಳಿದರು: "ನೀನು ಊರಲ್ಲಿರಲಿಲ್ಲ, ಮಗಳೇ. ಅವತ್ತು ನಮ್ಮೂರಲ್ಲಿ ನಾನೂ ಇರಲಿಲ್ಲ."

ಅವರನ್ನು ಮನೆಗೆ ಬಿಟ್ಟುಬಂದ ಅವಳು ಮತ್ತೆ ಆ ಹಾಲಿನ ಮೆಟ್ಟಿಲು ಹತ್ತಲಿಲ್ಲ. ಹಲಗೆಯನ್ನು ನೋಡಲು ಲೂಯಿ ಕೊನೆಯವರೆಗೂ ಅವಳ ಮನೆಗೆ ಬರಲಿಲ್ಲ. ಅವರು ತೀರಿಕೊಂಡು ಈಗ ಮೂರು ವರ್ಷ. ಆ ತಿಥಿಯ ಸಂಜೆ ವಸುಂಧರಾ ನೆಲಮಾಳಿಗೆಗೆ ಇಳಿದು, ರಜಾಯಿ ತೆಗೆದು, ಪ್ಲಗ್ ಹಾಕಿ, ದೀಪಗಳ ಮುಂದೆ ಒಬ್ಬಳೇ ಕೂರುತ್ತಾಳೆ. ಪ್ರಶಾಂತ್ ಈಗಲೂ ಸಿಕ್ಕವರಿಗೆಲ್ಲ ಹೇಳುತ್ತಾನೆ, ಹಲಗೆಯ ಮೇಲೆ ಒಂದು ಗೀರೂ ಬಿದ್ದಿಲ್ಲ ಎಂದು. ನಾನೂ ನೋಡಿದ್ದೇನೆ. ನಿಜ, ಬಿದ್ದಿಲ್ಲ.