ಬ್ಲೈಂಡ್ ಮ್ಯೂಲ್ ಗಣಿಯ ಕೆಮಿಸ್ಟ್

ಬೋರಲಿಂಗಯ್ಯನವರನ್ನು ನ್ಯೂಜೆರ್ಸಿಯ ಸೀಕಾಕಸ್‌ನ ಲ್ಯಾಬಿನಲ್ಲಿ ಎಲ್ಲರೂ ‘ಬೋರಾ’ ಎಂದೇ ಕರೆಯುತ್ತಿದ್ದರು. ಸುತ್ತಲಿನ ಊರುಗಳ ಕುಡಿಯುವ ನೀರು ಸಣ್ಣ ಬಾಟಲಿಗಳಲ್ಲಿ ಅಲ್ಲಿಗೆ ಪರೀಕ್ಷೆಗೆ ಬರುತ್ತಿತ್ತು. ವರದಿಗೆ ಕೊನೆಯ ಸಹಿ ಅವರದು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅವಸರದಲ್ಲಿ ಸಹಿ ಹಾಕಿದವರಲ್ಲ. ಒಂದೇ ಮಾದರಿಯನ್ನು ಮೂರು ಮೂರು ಸಲ ಪರೀಕ್ಷಿಸಿ ಜೊತೆಯವರ ಗೊಣಗಾಟ ಕೇಳಿಸಿಕೊಳ್ಳುತ್ತಿದ್ದರು.

ಅರಸೀಕೆರೆ ಕಡೆಯ ಒಂದು ಕುಟುಂಬದಲ್ಲಿ ಮೊದಲು ಡಿಗ್ರಿ ಕಂಡವರು ಅವರು. ಅಮೆರಿಕದಲ್ಲಿ ಅವರಿಗೆ ಮೊದಲ ಕೆಲಸ ಸಿಕ್ಕಿದ್ದು ನ್ಯೂಜೆರ್ಸಿಯಲ್ಲಲ್ಲ, ನೆವಾಡದ ಮರುಭೂಮಿಯಲ್ಲಿ, ಬ್ಲೈಂಡ್ ಮ್ಯೂಲ್ ಎಂಬ ಚಿನ್ನದ ಗಣಿಯಲ್ಲಿ. ಆ ಆರು ವರ್ಷಗಳ ಮಾತನ್ನು ಅವರು ಎಲ್ಲೂ ಎತ್ತುತ್ತಿರಲಿಲ್ಲ.

ಹೋದ ಮಾರ್ಚಿನಲ್ಲಿ ಸಮನ್ಸ್ ಬಂತು. ಗಣಿ ಮುಚ್ಚಿ ಬಹಳ ಕಾಲವಾಗಿದ್ದರೂ ಅದರ ಕೆಳಗಿನ ಊರಿನವರು ಬಾವಿ ನೀರು ಕೆಟ್ಟಿತೆಂದು ಕಂಪನಿಯ ಮೇಲೆ ದಾವೆ ಹೂಡಿದ್ದರು. ಬೋರಲಿಂಗಯ್ಯ ಪಾರ್ಸಿಪನಿಯ ಒಂದು ಆಫೀಸಿಗೆ ಬಂದು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಕಂಪನಿಯ ವಕೀಲ ಮೊದಲೇ ಫೋನ್ ಮಾಡಿ ಧೈರ್ಯ ಹೇಳಿದ: ಹಳೆಯ ಲ್ಯಾಬ್ ಪುಸ್ತಕಗಳು ಒಂದೂ ಉಳಿದಿಲ್ಲ, ಇಷ್ಟು ವರ್ಷದ ಹಿಂದಿನದು ನೆನಪಿಲ್ಲ ಅಂದರೆ ಅದೂ ಒಂದು ಉತ್ತರವೇ.

ಆ ದಿನ ಕಾರು ಓಡಿಸಿದ್ದು ಹೆಂಡತಿ ರಾಜಿ. ರೂಟ್ ಎಂಬತ್ತರಲ್ಲಿ ಟ್ರಾಫಿಕ್ ನಿಂತಾಗ ಅವಳು ಅವರತ್ತ ನೋಡದೆಯೇ ಕೇಳಿದಳು.

“ಏನ್ ಹೇಳ್ತೀರಿ ಅಲ್ಲಿ?”

“ಕೇಳಿದ್ದಕ್ಕೆ ಹೇಳ್ತೀನಿ.”

“ಕೇಳ್ದೇ ಇದ್ರೆ?”



ಕೋಣೆಯೊಳಗೆ ಕಾಲಿಟ್ಟ ಬೋರಲಿಂಗಯ್ಯ ಬಾಗಿಲಲ್ಲೇ ನಿಂತರು. ಮೇಜಿನ ಆಚೆ, ಊರಿನವರ ವಕೀಲೆಯ ಪಕ್ಕದಲ್ಲಿ ಟೋನಿ ಕೂತಿದ್ದ. ಗಣಿಯಲ್ಲಿ ಪಂಪ್ ನೋಡಿಕೊಳ್ಳುತ್ತಿದ್ದವನು. ಬೋರಲಿಂಗಯ್ಯನವರಿಗೆ ಕಾರು ಓಡಿಸುವುದನ್ನು ಕಲಿಸಿದವನು, ಮೊದಲ ಚಳಿಗಾಲದಲ್ಲಿ ದಿನವೂ ಊಟಕ್ಕೆ ಕರೆದವನು. ಈಗ ಅವನ ಕೈಯಲ್ಲಿ ಊರುಗೋಲಿತ್ತು. ಅಂಗೈ ಚರ್ಮ ಕಪ್ಪಾಗಿ ಗಂಟುಗಟ್ಟಿತ್ತು. ತಲೆ ಆಡಿಸಿದ, ನಗಲಿಲ್ಲ.

ವಕೀಲೆ ಗಣಿಯ ಚರಿತ್ರೆಯಿಂದಲೇ ಶುರು ಮಾಡಿದಳು. ೧೯೦೭ರಲ್ಲಿ ಅಣ್ಣತಮ್ಮಂದಿರಿಬ್ಬರು ಒಂದು ಕುರುಡು ಹೇಸರಗತ್ತೆಯನ್ನು ಹುಡುಕುತ್ತ ಹೋಗಿ ಆ ಗುಡ್ಡದಲ್ಲಿ ಚಿನ್ನ ಕಂಡರಂತೆ. ಎರಡೇ ವರ್ಷದಲ್ಲಿ ಮೂರು ಸಾವಿರ ಜನರ ಊರು ಎದ್ದಿತು. ಎರಡನೆಯ ಮಹಾಯುದ್ಧದಲ್ಲಿ ಗಣಿ ನಿಂತಿತು, ಊರು ಬಿಕೋ ಎಂದಿತು. ಎಂಬತ್ತಾರರಲ್ಲಿ ಹೊಸ ಕಂಪನಿ ಬಂದು ಗುಡ್ಡವನ್ನೇ ಸಿಡಿಸಿ, ಕಲ್ಲನ್ನು ರಾಶಿ ಹಾಕಿ, ಸಯನೈಡ್ ನೀರು ಹಾಯಿಸಿ ಚಿನ್ನ ತೊಳೆಯಿತು. ಕಲ್ಲಿನೊಳಗಿದ್ದ ಆರ್ಸೆನಿಕ್, ಚರ್ಮವನ್ನು ಗಂಟುಗಟ್ಟಿಸುವ ವಿಷ, ಅದೂ ಅದರೊಡನೆ ಇಳಿಯಿತು. ಎರಡು ಸಾವಿರದ ಎರಡರಲ್ಲಿ ಕಂಪನಿ ಗಂಟುಮೂಟೆ ಕಟ್ಟಿತು. ಒಂದೊಂದು ಮಾತಿಗೂ ಬೋರಲಿಂಗಯ್ಯ ಹೌದು, ಹೌದು ಎನ್ನಬೇಕಾಗಿತ್ತು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಲೇ ಇತ್ತು.

ಆಮೇಲೆ ಅವಳು ಒಂದು ಹಾಳೆಯನ್ನು ಮುಂದೆ ತಳ್ಳಿದಳು. ಆಗಸ್ಟ್ ೧೯೯೯, ಊರಿನ ಆರನೆಯ ಬಾವಿ, ಲೀಟರಿಗೆ ಆರ್ಸೆನಿಕ್ ೦.೦೪೧ ಮಿಲಿಗ್ರಾಂ. ಆಗಿನ ಮಿತಿ ೦.೦೫. ಸಹಿ ಯಾರದು? ನನ್ನದು, ಎಂದರು. ಯಂತ್ರ ಕೊಟ್ಟ ಸಂಖ್ಯೆ ಇದೇನಾ?

ಕಂಪನಿಯ ವಕೀಲ ಆಕ್ಷೇಪಣೆ ದಾಖಲಿಸಿದ. ಬೋರಲಿಂಗಯ್ಯ ಹಾಳೆಯನ್ನು ಹಿಂದಕ್ಕೆ ಸರಿಸಿದರು. ಟೈಪಾಗಿ ಬಂದ ವರದಿಗೆ ಸಹಿ ಹಾಕುವುದು ರೂಢಿ, ಬಿಡಿ ಸಂಖ್ಯೆ ನೆನಪಿಲ್ಲ ಎಂದುಬಿಟ್ಟರು. ವಕೀಲ ನಿರಾಳವಾಗಿ ಕುರ್ಚಿಗೆ ಒರಗಿದ.

ಆಗ ಟೋನಿ ಒಂದು ಚೀಟಿಯಲ್ಲಿ ಏನೋ ಗೀಚಿ ಪಕ್ಕಕ್ಕೆ ಸರಿಸಿದ. ವಕೀಲೆ ಅದನ್ನು ಎರಡು ಸಲ ಓದಿಕೊಂಡಳು.

“ಆ ಆಗಸ್ಟಿನ ನಂತರ ನಿಮ್ಮ ಮನೆಯಲ್ಲಿ ಯಾವ ನೀರು ಕುಡಿಯುತ್ತಿದ್ದಿರಿ?”

ಕ್ಯಾನುಗಳು. ಅರವತ್ತು ಮೈಲಿ ದೂರದ ಪೇಟೆಯಿಂದ ವಾರವಾರ ಕಾರಿನ ಡಿಕ್ಕಿಯಲ್ಲಿ ತರುತ್ತಿದ್ದ ಕ್ಯಾನುಗಳು. ಮನೆಯಲ್ಲಿ ಆಗ ನಾಲ್ಕು ತಿಂಗಳ ಮಗು. ಒಂದು ದಿನ ಟೋನಿ ಅವನ್ನು ನೋಡಿ ಏನಿದು ಎಂದಿದ್ದ. ರಾಜಿಗೆ ಬಾವಿ ನೀರಿನ ರುಚಿ ಹಿಡಿಸುವುದಿಲ್ಲ ಎಂದು ಇವರು ನಕ್ಕಿದ್ದರು. ಟೋನಿಯೂ ನಕ್ಕು ಎರಡು ಕ್ಯಾನು ಹೊತ್ತು ಒಳಗಿಟ್ಟು, ತನ್ನ ಮನೆಗೆ ಹೋಗಿ ನಲ್ಲಿ ತಿರುಗಿಸಿದ್ದ. ರುಚಿಯ ಅದೇ ಮಾತು ಈಗಲೂ ತುಟಿಯವರೆಗೆ ಬಂದು ನಿಂತಿತ್ತು. ಹೇಳಿದ್ದರೆ ಸುಳ್ಳೆಂದು ಯಾರೂ ತೋರಿಸಲಾಗುತ್ತಿರಲಿಲ್ಲ.

“ಹೊರಗಡೆಯಿಂದ ತರುತ್ತಿದ್ದೆವು,” ಎಂದರು. “ಯಂತ್ರ ಕೊಟ್ಟ ಸಂಖ್ಯೆ ೦.೪೧. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ನಾನೇ ತಿದ್ದಿದೆ.”

ಕಂಪನಿಯ ವಕೀಲ ವಿರಾಮ ಕೇಳಿದ. ಬೋರಲಿಂಗಯ್ಯ ನಿಲ್ಲಿಸಲಿಲ್ಲ. ದಶಮಾಂಶ ಬಿಂದು ತಪ್ಪಾಗಿ ಇಟ್ಟಿದ್ದೀಯ ಎಂದು ಮ್ಯಾನೇಜರು ಹೇಳಿದ್ದನ್ನೂ, ಅದೇ ಉಸಿರಿನಲ್ಲಿ ನಿನ್ನ ಗ್ರೀನ್ ಕಾರ್ಡ್ ಫೈಲು ನನ್ನ ಮೇಜಿನ ಮೇಲೇ ಇದೆ ಎಂದದ್ದನ್ನೂ ಹೇಳಿದರು. ಬೆದರಿಸಿದರೇ ಎಂದು ವಕೀಲೆ ಕೇಳಿದಳು. ಇಲ್ಲ, ಅಷ್ಟರ ಅಗತ್ಯವೇ ಬೀಳಲಿಲ್ಲ, ಎಂದರು.

ಮುಗಿದ ಮೇಲೆ ಕಾರಿಡಾರಿನಲ್ಲಿ ಟೋನಿ ಗೋಡೆಗೆ ಆತು ನಿಂತಿದ್ದ. ಇವರು ಕ್ಷಮೆ ಎಂಬ ಪದಕ್ಕೆ ತಡಕಾಡುತ್ತಿರುವಾಗ ಅವನು ತಗ್ಗಿದ ದನಿಯಲ್ಲಿ ಅಂದ: “ಊರಿಗೆಲ್ಲ ಬೇಡ ಬೋರಾ. ನನಗೊಬ್ಬನಿಗೆ ಹೇಳಬಹುದಿತ್ತು.” ಊರುಗೋಲು ಊರುತ್ತ ಲಿಫ್ಟಿನತ್ತ ಹೋದ.

ಮರುದಿನ ಬೆಳಿಗ್ಗೆ ಬೋರಲಿಂಗಯ್ಯ ತಾವಾಗಿಯೇ ಲ್ಯಾಬಿನ ಮುಖ್ಯಸ್ಥೆಗೆ ಎಲ್ಲವನ್ನೂ ಹೇಳಿದರು. ಆಕೆ ಸಹಿಯ ಅಧಿಕಾರ ಹಿಂದಕ್ಕೆ ಪಡೆಯಲೇಬೇಕಾಗುತ್ತದೆ ಎಂದಳು. ಈಗ ಅವರದು ಬಂದ ಬಾಟಲಿಗಳಿಗೆ ಲೇಬಲ್ ಹಚ್ಚುವ ಕೆಲಸ. ಗಣಿಯವರು ನವೆಂಬರಿನಲ್ಲಿ ಊರಿನವರೊಡನೆ ಒಪ್ಪಂದಕ್ಕೆ ಬಂದರು. ಬೇರೆ ಕಣಿವೆಯಿಂದ ಊರಿಗೆ ಪೈಪಿನಲ್ಲಿ ನೀರು ಬರುತ್ತಿದೆಯಂತೆ.

ಟೋನಿಗೆ ಅವರು ಒಂದು ಕಾಗದ ಬರೆದರು. ಉತ್ತರ ಬಂದಿಲ್ಲ. ಬರಲೇಬೇಕೆಂದು ಅವರು ಎಣಿಸಿಯೂ ಇಲ್ಲ.