ರೋಷನಬಿ ಕಂಡ ಕೆಂಪು

ಸುಧಾರಾಣಿ ರೋಷನಬಿಯನ್ನು ಮೊದಲು ಕಂಡಿದ್ದು ಡಿಸೆಂಬರಿನ ಒಂದು ನಸುಕಿನಲ್ಲಿ, ಬ್ಯಾಡಗಿ ಬಸ್‌ಸ್ಟ್ಯಾಂಡಿನ ಎದುರು. ಸುಧಾರಾಣಿ ಜೀವಶಾಸ್ತ್ರ ಕಲಿಸುವ ಕಾಲೇಜಿನ ಹುಡುಗಿಯರು ಹಕ್ಕಿ ನೋಡಲು ಹೊನ್ನಾವರಕ್ಕೆ ಹೊರಟಿದ್ದರು. ಅಡುಗೆಯಾಕೆ ಕೈಕೊಟ್ಟಿದ್ದಳು. ಬದಲಿಗೆ ಬಂದ ಐವತ್ತರ ರೋಷನಬಿ ಬೂದು ಸ್ವೆಟರಿನ ಮೇಲೆ ಸೆರಗು ಬಿಗಿದು, ರೊಟ್ಟಿಗಂಟನ್ನು ಕೂಸಿನಂತೆ ಅವುಚಿಕೊಂಡು ನಿಂತಿದ್ದರು. ಬೆರಳ ತುದಿಗಳು ಕೆಂಪಗಿದ್ದವು. ಇಪ್ಪತ್ತು ವರ್ಷದಿಂದ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ, ಕಲರ್ ನೋಡಿ ಆರಿಸುವ ಕೆಲಸ ಅವರದು.

"ಮುಂದ ಕುಂದ್ರಿ ಚಾಚಿ," ಸುಧಾರಾಣಿ ಕಾಲೇಜಿನ ವ್ಯಾನಿನ ಬಾಗಿಲು ತೆರೆದಳು.

"ಹಿಂದ ಇರ್ತೇನ್ರಿ ಅಕ್ಕಾರ. ರೊಟ್ಟಿ ಮುರದ್ರ ನಿಮ್ಮ ಹುಡುಗ್ಯಾರು ನನ್ನ ಮುರೀತಾರ."

ಹೊನ್ನಾವರದ ಹಿನ್ನೀರಿನಲ್ಲಿ, ಕಾಂಡ್ಲಾ ಮರಗಳ ಕಾಡಿನ ನಡುವೆ ದೋಣಿ ಮೆಲ್ಲಗೆ ಸಾಗಿತು. ಉಪ್ಪುನೀರಿನಿಂದೆದ್ದ ಬೇರುಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಸುಧಾರಾಣಿ ಬಂದಿದ್ದು ಇದು ಐದನೆಯ ಸಲ, ಒಂದೇ ಹಕ್ಕಿಗಾಗಿ. ಚಳಿಗಾಲದಲ್ಲಷ್ಟೇ ಬರುವ, ಕೆಂಪು ಕೊಕ್ಕಿನ ಕರಿತಲೆ ಮಿಂಚುಳ್ಳಿ. ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ.

"ಅಲ್ಲಿ," ಅಂಬಿಗ ಪಿಸುಗುಟ್ಟಿದ. ಅವಳು ದುರ್ಬೀನು ಎತ್ತಿದಳು. ಅದೇ ಹೊತ್ತಿಗೆ ರೋಷನಬಿ, ಹಸಿದ ಹುಡುಗಿಗೆ ರೊಟ್ಟಿ ಕೊಡಲೆಂದು, ನೀರು ಸಿಡಿಯದಂತೆ ಗಂಟಿಗೆ ಹೊದಿಸಿದ್ದ ಗೋಣಿಚೀಲವನ್ನು ಕೊಡವಿದರು. ಮೆಣಸಿನಕಾಯಿ ತುಂಬುವ ಚೀಲ ಅದು. ಎಲ್ಲರೂ ಸೀನಿದರು, ಅಂಬಿಗ ಏಳು ಸಲ. ನೀಲಿ ರೆಕ್ಕೆ ಮಿಂಚಿ ಕಾಡಿನೊಳಗೆ ಮಾಯವಾಯಿತು. ಸೀನದವರು ರೋಷನಬಿ ಒಬ್ಬರೇ.

"ನಮ್ಮ ಮೂಗಿಗೆ ಗೊತ್ತss ಆಗಂಗಿಲ್ರಿ," ಎಂದರು ಸಣ್ಣ ದನಿಯಲ್ಲಿ.

ಮಧ್ಯಾಹ್ನ ಇನ್ನೊಂದು ಸುತ್ತು ಹೋಗಲು ಎಲ್ಲರೂ ದೋಣಿ ಹತ್ತಿದರೂ ರೋಷನಬಿ ದಂಡೆಯಲ್ಲೇ ಉಳಿದರು. ಚೀಲ ದೂರ ಇಟ್ಟು, ಸೆರಗನ್ನೂ ತೊಳೆದು ಹಿಂಡಿಕೊಂಡು ಕೂತಿದ್ದರು.

"ನೀವು ಹೋಗ್ರಿ. ನಾ ಬಂದ್ರ ಹಕ್ಕಿ ಊರss ಬಿಡ್ತೈತಿ."

ಆ ಒದ್ದೆ ಸೆರಗು ನೋಡಿ ಸುಧಾರಾಣಿ ಇಳಿದು ಬಂದು ಕೈ ಹಿಡಿದಳು. "ನೀವು ಬರೂತನಕ ದೋಣಿ ಬಿಡಂಗಿಲ್ಲ. ಹಕ್ಕಿ ಇವತ್ತಿಲ್ಲಂದ್ರ ಮತ್ತೊಮ್ಮೆ ಸಿಗತೈತಿ, ಏಳ್ರಿ."

"ಬರ್ರಿ ಚಾಚಿ, ಇನ್ನೊಮ್ಮೆ ಸೀನಸ್ರಿ!" ದೋಣಿಯಿಂದ ಶಿಲ್ಪಾ ಎಂಬ ಹುಡುಗಿ ಕೂಗಿದಳು. ರೋಷನಬಿ ನಕ್ಕುಬಿಟ್ಟರು. ಹತ್ತಿದರು.

ಅರ್ಧ ತಾಸು ಯಾರಿಗೂ ಏನೂ ಕಾಣಲಿಲ್ಲ. ಆಮೇಲೆ ರೋಷನಬಿ ಸುಧಾರಾಣಿಯ ಮೊಣಕೈ ಜಗ್ಗಿದರು.

"ಅಕ್ಕಾರ, ಆ ಬೇರಿನಾಗ ಒಂದು ಮೆಣಸಿನಕಾಯಿ ಐತಿ ನೋಡ್ರಿ. ಛಲೋ ಕಲರ್."

ಸುಧಾರಾಣಿಗೆ ಬರಿಗಣ್ಣಲ್ಲಿ ಏನೂ ತೋರಲಿಲ್ಲ. ದುರ್ಬೀನಿನಲ್ಲಿ ಕೆಂಪು ಕೊಕ್ಕು, ಹಿಂದೆ ಕರಿ ತಲೆ, ಬಿಳಿ ಕೊರಳು. ಹಕ್ಕಿ ಅಲ್ಲಾಡದೆ ಕೂತಿತ್ತು. ನೋಡುತ್ತ ನೋಡುತ್ತ ಅವಳ ಕಣ್ಣು ಮಂಜಾಯಿತು. ದುರ್ಬೀನನ್ನು ರೋಷನಬಿಯ ಕೈಗಿಟ್ಟಳು.

ರೋಷನಬಿ ಈಗಲೂ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ತೊಟ್ಟು ಬಿಡಿಸುತ್ತಾರೆ. ಚಳಿಗಾಲದಲ್ಲಿ ಕಾಲೇಜಿನ ವ್ಯಾನು ಹೊರಟಾಗ, ಒಗೆದ ಬಿಳಿ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗಿ, ದೋಣಿಯ ಮುಂದಿನ ಹಲಗೆಯ ಮೇಲೆ ಕೂತು ಹುಡುಗಿಯರಿಗೆ ಹಕ್ಕಿ ತೋರಿಸುತ್ತಾರೆ.